ಮೂರನೆಯ ಬಾಣ

ಎಂಟನೇ ತರಗತಿ ಬಿ ವಿಭಾಗ, ಮೂರನೇ ಪೀರಿಯಡ್ಡು.
ಬೋರ್ಡಿನ ಮೇಲೆ ಚಕ್ರ ಬರೆದಿದ್ದೆ:
ಮೊಟ್ಟೆ, ಹುಳು, ಕೋಶ, ಪತಂಗ.
ನಡುವೆ ನಾಲ್ಕು ಬಾಣ. ಬಣ್ಣದ ಸೀಮೆಸುಣ್ಣ ನನ್ನದೇ ದುಡ್ಡಿನದು.

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಎಂದೆ.
"ಜ್ವರ ಅಂತಾರೆ ಮಿಸ್ ಅದಕ್ಕೆ," ಅಂದ ಮೇಲೂರಿನ ಮುನಿಕೃಷ್ಣ,
"ಒಂದನೇ ಜ್ವರ, ಎರಡನೇ ಜ್ವರ. ಜ್ವರದಲ್ಲಿದ್ದಾಗ
ಸೊಪ್ಪು ಹಾಕಬಾರದು. ಮನೇಲಿ ಒಗ್ಗರಣೇನೂ ಹಾಕಬಾರದು."
ಪುಸ್ತಕದಲ್ಲಿ ಒಗ್ಗರಣೆಯ ಮಾತಿಲ್ಲ.
ನಾನು ಸಿರಾ ಕಡೆಯವಳು; ಬರೆದುಕೊಂಡೆ.

ಆಮೇಲೆ ಕಿಟಕಿ ಪಕ್ಕದ ನಿಖತ್ ತಾಜ್ ಎದ್ದು
"ಮೂರನೇ ಬಾಣ ತಪ್ಪು ಮಿಸ್" ಅಂದಳು,
ಕೂಡಿಸಿದ ಲೆಕ್ಕದಲ್ಲಿ ದಶಕ ಬಿಟ್ಟದ್ದು ತೋರಿಸುವ ಹಾಗೆ.
"ಗೂಡಿನಿಂದ ಹುಳ ಆಚೆ ಬರಲ್ಲ.
ನೂಲು ಬರುತ್ತೆ."

ಶಿಡ್ಲಘಟ್ಟದಲ್ಲಿ ಇದಕ್ಕೆ ಸಾಕ್ಷಿ ಬೇಕಿಲ್ಲ.
ಕಿಟಕಿ ತೆಗೆದರೆ ಸಾಕು, ಬೆಂದ ಹುಳದ ವಾಸನೆ
ನಾನು ಹೆಸರು ಕೂಗುವ ಮೊದಲೇ ಹಾಜರು.
ವಿಸರಣೆ ಎಂದರೇನು ಎಂದು ಈ ಊರಲ್ಲಿ
ಸೆಂಟಿನ ಸೀಸೆ ತೆರೆದು ತೋರಿಸಿದವಳು
ನಾನೊಬ್ಬಳೇ ಇರಬೇಕು.

ಅವಳಮ್ಮ ಕುದಿನೀರಲ್ಲಿ ಬೆರಳಾಡಿಸಿ ತುದಿ ಹುಡುಕುತ್ತಾಳೆ,
ಎಂಟು ಗೂಡಿನ ಎಂಟು ತುದಿ ಕೂಡಿ ಒಂದು ಎಳೆ.
ಬಿಸಿಗೆ ಅಂಟು ಕರಗುತ್ತದೆ,
ಸೆರಿಸಿನ್ ಎಂದು ಹೆಸರು, ಅದೊಂದು ಪ್ರೋಟೀನು, ಎಂದೆ.
"ಅಮ್ಮನ ಬೆರಳಿನ ಗೆರೇನೂ ಕರಗಿದೆ ಮಿಸ್.
ರೇಷನ್ ಅಂಗಡಿ ಮಿಷನ್ನು ಹೆಬ್ಬೆಟ್ಟು ತಗೊಳ್ಳಲ್ಲ.
ಅದೂ ಪ್ರೋಟೀನಾ?"
ಹೌದು. ಕೆರಟಿನ್.
ಬೋರ್ಡಿನ ಮೇಲೆ ಬರೆಯಲಿಲ್ಲ.

ನೋಡಿಯೇ ಬಿಡೋಣ ಎಂದಾಗ ಮುನಿಕೃಷ್ಣ
ಚಂದ್ರಿಕೆಯಿಂದ ಬಿಡಿಸಿದ ಹಳದಿ ಗೂಡು ತಂದ. ಒಂದೇ.
ಅವರಪ್ಪ ತೂಗಿ ಕೊಟ್ಟರಂತೆ, ಒಂದೂಮುಕ್ಕಾಲು ಗ್ರಾಂ.
ಬಿರುಕು ಬಿಟ್ಟ ಬೀಕರಿನಲ್ಲಿ, ಹತ್ತಿಯ ಮೇಲೆ,
ಕಪ್ಪೆಯ ಅಸ್ಥಿಪಂಜರದ ಪಕ್ಕ ಅದಕ್ಕೆ ಜಾಗ.
ದಿನಕ್ಕೊಬ್ಬರ ಪಾಳಿ, ಉಷ್ಣಾಂಶ ಬರೆಯುವುದು ಕಡ್ಡಾಯ.
ಭಾನುವಾರದ ಕಾಲಂ ಖಾಲಿ.

ಏಳನೆಯ ದಿನ, ಪ್ರಾರ್ಥನೆಗೂ ಮುಂಚೆ,
ಗೂಡಿನ ಒಂದು ತುದಿ ಒದ್ದೆಯಾಗಿತ್ತು,
ಒಳಗಿನಿಂದ ಯಾರೋ ಉಗುಳು ಹಚ್ಚಿ
ಗಂಟು ಸಡಿಲಿಸುತ್ತಿರುವ ಹಾಗೆ.
ಕೆಂಪು ಲಿಟ್ಮಸ್ ಒತ್ತಿದೆ. ಅಂಚು ನೀಲಿಗೆ ತಿರುಗಿತು, ಸ್ವಲ್ಪವೇ;
ಕೆಲವರಿಗೆ ಕಂಡಿತು, ಕೆಲವರು ಕಂಡಿತು ಎಂದರು.
ಆಮೇಲೆ ತಲೆ. ಆಮೇಲೆ ನೆನೆದ ಕಾಗದದಂಥ ರೆಕ್ಕೆ,
ಅದು ಒಣಗಲು ಒಂದು ಪೀರಿಯಡ್ಡು ಪೂರ್ತಿ.
ಸಮಾಜದ ಮೇಷ್ಟ್ರೂ ಬಂದು ನಿಂತರು, ಕ್ಲಾಸು ಬಿಟ್ಟು.

ಹಾರುತ್ತದೆ ಎಂದು ಕಾದೆವು.
ಯಾರೋ ಊದಿದರು. ನಡುಗಿತು, ಅಷ್ಟೆ.
ಸಕ್ಕರೆ ನೀರು ಇಟ್ಟರು. ಅದಕ್ಕೆ ತಿನ್ನುವ ಬಾಯಿಲ್ಲ
ಎಂದು ಹೇಳುವಷ್ಟರಲ್ಲಿ ನನ್ನ ದನಿ ಯಾಕೋ ಸಣ್ಣಗಾಯಿತು.
ಸಾವಿರಾರು ವರ್ಷ ತಟ್ಟೆಯಲ್ಲಿ ಸಾಕಿದ್ದೇವೆ;
ಭೂಮಿಯ ಜೊತೆ ಜಗಳವಾಡುವುದು ಅದಕ್ಕೆ ಮರೆತುಹೋಗಿದೆ.

ನಿಖತ್ ಪತಂಗವನ್ನು ನೋಡಲಿಲ್ಲ. ಗೂಡು ಎತ್ತಿಕೊಂಡು
ತೂತಿನೊಳಗೆ ಕಿರುಬೆರಳು ತೂರಿಸಿದಳು.
"ಎಳೆ ತುಂಡಾಗಿದೆ. ಇದು ರೀಲಿಗೆ ಬರಲ್ಲ,"
ಅಂದಳು, ಥೇಟ್ ಅವರಪ್ಪನ ದನಿ.
ಆದರೆ ಗೂಡು ಜಾಮಿಟ್ರಿ ಬಾಕ್ಸಿಗೆ ಹೋಯಿತು.

ಅರ್ಧವಾರ್ಷಿಕದಲ್ಲಿ ನಾಲ್ಕು ಅಂಕದ ಪ್ರಶ್ನೆ:
ರೇಷ್ಮೆಹುಳುವಿನ ಜೀವನಚಕ್ರದ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ.
ಅವಳ ಮೊಟ್ಟೆ ಸರಿ, ಹುಳು ಸರಿ, ಕೋಶ ಸರಿ.
ಮೂರನೇ ಬಾಣ ಮಾತ್ರ ಕವಲೊಡೆದಿತ್ತು.
ಒಂದರ ತುದಿಗೆ ಪತಂಗ, ಹೆಸರುಕಾಳಿನಷ್ಟು;
ಇನ್ನೊಂದರ ತುದಿಗೆ ಹಬೆಯಾಡುವ ಬಾಂಡಲೆ,
ಅದಕ್ಕೂ ಸ್ಕೇಲಿಟ್ಟು ಗೆರೆ ಎಳೆದು ಹೆಸರು: ನಮ್ಮ ಮನೆ.

ಕೀ ಆನ್ಸರಿನಲ್ಲಿ ಬಾಂಡಲೆಯಿಲ್ಲ.
ಕೆಂಪು ಪೆನ್ನಿನ ಮುಚ್ಚಳ ಮೂರು ಸಲ ಹಾಕಿ ತೆಗೆದು
ನಾಲ್ಕಕ್ಕೆ ನಾಲ್ಕೂವರೆ ಕೊಟ್ಟೆ.
ಹೆಡ್ ಮಾಸ್ಟರು ಕರೆಸಿದರು. ತಿದ್ದಿದೆ.
ನಿಖತ್ ಪೇಪರು ಹಿಡಿದು ಬಂದಳು; ಕೇಳಿದ್ದು ಬೇರೆ:
"ಹೊಡೆದುಹಾಕಿದ ಅರ್ಧ ಯಾವುದರದು ಮಿಸ್,
ಬಾಂಡಲೇದಾ, ಹಬೇದಾ?"